ಎಂಟು ಮನೆಯ ಚಾವಿ

ಡೊಂಬಿವಲಿಗೆ ಬಂದ ಮೂರನೆಯ ಬೆಳಿಗ್ಗೆ, ಮುಖಪರಿಚಯವೂ ಇಲ್ಲದ ಎಂಟು ಜನ ಒಬ್ಬರ ಹಿಂದೊಬ್ಬರು ಬಂದು ತಮ್ಮ ಮನೆಯ ಬೀಗದ ಕೈ ನನ್ನ ಕೈಗಿಟ್ಟು ಓಡಿಹೋದರು. ನೀನು ಯಾರು ಎಂದು ಒಬ್ಬರೂ ಕೇಳಲಿಲ್ಲ. ಲೋಕಲ್ ರೈಲು ತಪ್ಪೀತೆಂಬ ಅವಸರ. ಅತ್ತೆಯ ಬಾಗಿಲಲ್ಲಿ ಯಾರೋ ಒಬ್ಬಳು ನಿಂತಿದ್ದಾಳೆ, ಅಷ್ಟು ಸಾಕಾಗಿತ್ತು ಅವರಿಗೆ.

ಮೈಸೂರಿನ ನಮ್ಮಜ್ಜಿ ಬೀಗದ ಕೈಯನ್ನು ಸೊಂಟದಿಂದ ಬಿಚ್ಚುತ್ತಿದ್ದದ್ದು ಸ್ನಾನಕ್ಕೆ ಮಾತ್ರ. ಇಲ್ಲಿ ಅದಕ್ಕೆ ಚಾವಿ ಅನ್ನುತ್ತಾರೆ, ಪಕ್ಕದ ಮನೆಯಲ್ಲಿ ಬಿಟ್ಟುಹೋಗುತ್ತಾರೆ. ಶಾಲೆಯಿಂದ ಬರುವ ಮಕ್ಕಳು, ಕೆಲಸದ ಹೆಂಗಸು, ಸಿಲಿಂಡರಿನವನು, ಎಲ್ಲರೂ ಬರುವುದು ಅತ್ತೆಯ ಬಾಗಿಲಿಗೇ. ಅತ್ತೆ ಎಂದರೆ ನನ್ನ ಗಂಡನ ಸೋದರತ್ತೆ, ರುಕ್ಮಿಣಿಯತ್ತೆ. ಉಡುಪಿ ಕಡೆಯವರು. ಮದುವೆಯಾಗಿ ಬಂದು ಈ ಚಾಳಿನಲ್ಲೇ ಐವತ್ತು ವರ್ಷ. ಉದ್ದನೆಯ ಒಂದು ಪಡಸಾಲೆ, ಅದಕ್ಕೆ ಆತುಕೊಂಡ ಎರಡೆರಡು ಕೋಣೆಯ ಮನೆಗಳು, ಇದೇ ಚಾಳು. ಮಾವ ತೀರಿಕೊಂಡ ಮೇಲೆ ಅವರೊಬ್ಬರೇ. ನಮಗೆ ಪಕ್ಕದ ಮನೆ ಬಾಡಿಗೆಗೆ ಕೊಡಿಸಿದ್ದೂ ಅವರೇ.

ಇವರು ಮಹಾಪೆಯ ಆಫೀಸಿಗೆ ಹೋದಮೇಲೆ ನನಗೆ ಮಧ್ಯಾಹ್ನಗಳೆಂದರೆ ನೀರಿನೊಳಗೆ ಇದ್ದ ಹಾಗೆ. ಕರೆಂಟು ಹೋಗಿ ಫ್ಯಾನು ನಿಧಾನವಾಗುತ್ತಿತ್ತು. ಒಣಹಾಕಿದ ಸೀರೆಗಳು ಗಾಳಿಗೆ ಉಬ್ಬಿ ಇಳಿಯುತ್ತಿದ್ದವು. ದೂರದಲ್ಲಿ ರೈಲು, ಆಮೇಲೆ ಇನ್ನೊಂದು ರೈಲು. ಅಂಥ ಒಂದು ಮಧ್ಯಾಹ್ನ ಕನಸಿನಲ್ಲಿ ಅಜ್ಜಿ ಕರೆದರು. ಹಿತ್ತಲಿಂದ, ಸಣ್ಣ ದನಿಯಲ್ಲಿ. ಬಂದೆ ಅಜ್ಜಿ, ಅಂದು ನಾನು ಮಗ್ಗುಲು ಬದಲಿಸಿದೆ.

ಕರೆದದ್ದು ಅಜ್ಜಿಯಲ್ಲ. ಗೋಡೆಯಾಚೆ ಬಚ್ಚಲಲ್ಲಿ ಬಿದ್ದಿದ್ದ ಅತ್ತೆ.

ಶಾಲೆಯ ಮಕ್ಕಳು ಅತ್ತೆಯ ಬಾಗಿಲು ಬಡಿದಾಗಲೇ ನನಗೆ ಎಚ್ಚರ. ಎಳೆದರೆ ತಾನೇ ಬೀಗ ಬೀಳುವ ಬಾಗಿಲು ಅದು. ಎಲ್ಲರ ಚಾವಿಗಳೂ ಒಳಗೆ ಮೊಳೆಗೆ ನೇತಾಡುತ್ತಿವೆ, ಅತ್ತೆಯ ಚಾವಿ ಮಾತ್ರ ಊರಲ್ಲಿ ಯಾರ ಹತ್ತಿರವೂ ಇಲ್ಲ! ಬಡಗಿ ಬಂದು ಬಾಗಿಲು ಒಡೆದ. ಮಣಿಕಟ್ಟು ಮುರಿದಿತ್ತು. ಎರಡು ಗಂಟೆ ಕರೆದಿದ್ದರಂತೆ.

ಮರುದಿನವೇ ನೆರೂಳಿನಿಂದ ಅತ್ತೆಯ ಮಗಳು ವಾಣಿ ಬಂದಳು. “ಸಾಕಮ್ಮ. ಲಿಫ್ಟುಂಟು, ವಾಚ್‌ಮನ್ ಇದ್ದಾನೆ. ನನ್ನ ಮನೆಗೆ ನಡಿ.”

“ಹೋಗಿ ಅತ್ತೆ, ಇಲ್ಲಿ ಯಾರಿದ್ದಾರೆ ನಿಮಗೆ?” ಎಂದೆ ನಾನೂ. ಕರೆ ಕೇಳಿಯೂ ಏಳದ ನನ್ನ ತಪ್ಪನ್ನು ಯಾರಿಗೂ ಹೇಳಿರಲಿಲ್ಲ.

ಎದುರು ಮನೆಯ ಕುಸುಮ ಕಾಕು, ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಹೊಸ್ತಿಲಲ್ಲೇ ಕೂತು ಗುಡುಗಿದರು. “ಆಮ್ಹೀ ಮೇಲೋ ಕಾ?” ನಾವೇನು ಸತ್ತಿದ್ದೇವಾ, ಎಂದು.

ಅತ್ತೆ ಪಟ್ಟಿ ಕಟ್ಟಿದ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. “ವಾಣಿ, ನೀವಿಬ್ಬರೂ ಬೆಳಿಗ್ಗೆ ಆಫೀಸಿಗೆ ಹೋಗುವುದಲ್ಲವಾ? ಆಮೇಲೆ ನಿನ್ನ ಬಾಗಿಲೂ ಮುಚ್ಚಿಯೇ ಇರುವುದು. ಅಲ್ಲಿ ಬಿದ್ದರೆ ಬಡಿಯಲಿಕ್ಕೆ ಯಾವ ಮಕ್ಕಳು ಬರ್ತಾರೆ?”

ವಾಣಿ ಅತ್ತಳು. ಅವಳದೂ ಸುಳ್ಳಲ್ಲ, ಅತ್ತೆ ಫೋನು ಎತ್ತದಿದ್ದರೆ ದೂರದಲ್ಲಿ ಕೂತು ಜೀವ ಹಾರುವುದು ಅವಳದೇ. ಕೊನೆಗೆ ಅಂದಳು, “ಹಾಗಾದರೆ ನಿನ್ನ ಚಾವಿ ಯಾರಿಗಾದರೂ ಕೊಡು. ಇಲ್ಲದಿದ್ದರೆ ಇವತ್ತೇ ನಡಿ.”

ಅತ್ತೆಗೆ ಅದು ಮಣಿಕಟ್ಟಿಗಿಂತ ಹೆಚ್ಚು ನೋವು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. ಊರಿನವರ ಚಾವಿ ಇಟ್ಟುಕೊಳ್ಳುವವರು ಅವರು. ತಮ್ಮದನ್ನು ಕೊಡುವುದೆಂದರೆ ಮುದುಕಿಯಾದೆನೆಂದು ಒಪ್ಪಿದ ಹಾಗೆ. ಆಮೇಲೆ ಎದ್ದು ಹೊಸ ಬೀಗದ ಇನ್ನೊಂದು ಚಾವಿ ತಂದು ನನ್ನ ಮಡಿಲಿಗೆ ಹಾಕಿದರು. “ಇಟ್ಟುಕೋ ಮಾರಾಯ್ತಿ. ಮಧ್ಯಾಹ್ನ ನಿದ್ದೆ ಕಮ್ಮಿ ಮಾಡು.”

ಗೊತ್ತಿತ್ತು ಅವರಿಗೆ.

ಅಂದಿನಿಂದ ದಿನಾ ಮೂರು ಗಂಟೆಗೆ ಅವರ ಬಾಗಿಲು ತೆಗೆದು ಒಂದು ಸಲ ಇಣುಕುತ್ತಿದ್ದೆ. “ಇದ್ದೇನೆ, ಇದ್ದೇನೆ” ಎನ್ನುವರು ಒಳಗಿಂದ.

ನವರಾತ್ರಿಗೆ ಮೈಸೂರಿಗೆ ಹೋದೆ. ತವರು ತಲುಪಿ ಪರ್ಸು ಬಿಚ್ಚಿದರೆ ಬಾಚಣಿಗೆಯ ಜೊತೆ ಅತ್ತೆಯ ಚಾವಿ! ಕಾಕುವಿಗೆ ಕೊಟ್ಟು ಬರಲು ಮರೆತಿದ್ದೆ. ನಿಂತಲ್ಲೇ ಅತ್ತೆಗೆ ಫೋನು ಮಾಡಿದೆ.

“ಅದೂ ದಸರಾ ನೋಡಿ ಬರಲಿ,” ಅತ್ತೆ ನಕ್ಕರು. “ವಾಣಿಗೆ ಮಾತ್ರ ಹೇಳಬೇಡ. ನೀನು ಬರುವುದು ಎಷ್ಟು ದಿನಕ್ಕೆ?”

“ಹತ್ತು ದಿನ, ಅತ್ತೆ.”

“ಆಯ್ತು. ಹತ್ತು ದಿನ ನಾನು ಬೀಳುವುದಿಲ್ಲ.”

ಅಮ್ಮ ಅಂಗಳದಲ್ಲಿ ನನಗೆಂದು ಹಾಸಿಗೆ ದಿಂಬು ಬಿಸಿಲಿಗೆ ಹಾಕಿ ಬಡಿದು ಕೊಡವುತ್ತಿದ್ದಳು. “ಬಂದು ಒಂದು ಗಂಟೆಯಾಗಿಲ್ಲ, ಯಾರಿಗೇ ಫೋನು?”

“ಮನೆಗೆ” ಅಂದುಬಿಟ್ಟೆ.

“ಹಾಗಾದ್ರೆ ಇದೇನೇ?” ಎಂದ ಅಮ್ಮ, ದಿಂಬಿಗೆ ಬೇಕಾದ್ದಕ್ಕಿಂತ ಎರಡು ಏಟು ಹೆಚ್ಚಿಗೆ ಹಾಕಿದಳು.