ಕೆಂಪು ದೂರದಿಂದ ಕಾಣುವ ಲ್ಯಾಪ್‌ಟಾಪ್

ದಶರಥಣ್ಣನ ಹೆಬ್ಬೆರಳು ಸುಮ್ಮನಿದ್ದುದನ್ನು ನಾನು ಕಂಡದ್ದೇ ಕಡಿಮೆ. ವಾಡಿಯ ರೈಲ್ವೆ ಕಾಲೋನಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಸಂಜೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವಾಗಲೂ ಅವರ ಹೆಬ್ಬೆರಳು ಕಲ್ಲನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಒತ್ತುತ್ತಿತ್ತು. ಅವರು ಗೂಡ್ಸ್ ಗಾಡಿಯ ಡ್ರೈವರ್. ಡ್ರೈವರ್ ಎಚ್ಚರವಾಗಿದ್ದಾನೆ ಎಂದು ತೋರಿಸಲು ಎಂಜಿನ್ನಿನಲ್ಲಿ ಒಂದು ಗುಂಡಿ ಇರುತ್ತದಂತೆ. ಅದನ್ನು ಆಗಾಗ ಒತ್ತುತ್ತಿರಬೇಕು. ಮರೆತರೆ ಗಂಟೆ ಬಡಿದುಕೊಳ್ಳುತ್ತದೆ, ಆಗಲೂ ಒತ್ತದಿದ್ದರೆ ಗಾಡಿ ತಾನೇ ನಿಂತುಬಿಡುತ್ತದೆ. ಮನೆಗೆ ಬಂದರೂ ಆ ಗುಂಡಿ ಅವರನ್ನು ಬಿಟ್ಟಿರಲಿಲ್ಲ.

ನಾನು ಶಹಾಬಾದಿನಲ್ಲಿ ಶಾಲಾ ಶಿಕ್ಷಕಿ. ಮಕ್ಕಳಿಗೆ ಗಣಿತದ ಜೊತೆ ಕಂಪ್ಯೂಟರನ್ನೂ ಕಲಿಸುತ್ತೇನೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರ ದೂರು. ಆದರೆ ದಶರಥಣ್ಣನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತರೆ ಎಂಥ ಶಾಂತಸ್ವಭಾವದವರಿಗೂ ಸಿಟ್ಟು ಬರುತ್ತದೆ. ಸ್ಟೇಷನ್ ಕಡೆಯಿಂದ ಎಂಜಿನ್ ಕೂಗಿದರೆ ಸಾಕು, ಎದ್ದು ನಿಲ್ಲುತ್ತಾರೆ. ಉಣ್ಣುತ್ತ ಕುಳಿತವರು ತಾಟು ಬಿಟ್ಟು ಬಾಗಿಲಿಗೆ ಹೋಗಿ ನೋಡಿ ಬರುತ್ತಾರೆ. ಗಾಡಿ ತಂದು ಇಳಿದ ಮೇಲೆ ಡ್ರೈವರಿಗೆ ಮನೆಯಲ್ಲಿ ಇಂತಿಷ್ಟು ಹೊತ್ತು ವಿಶ್ರಾಂತಿ ಎಂದು ನಿಯಮವಿದೆ. ಅದನ್ನು ಅವರು ಎಂದೂ ಪೂರ್ತಿ ಮಾಡಿದವರಲ್ಲ. ಡ್ಯೂಟಿಯ ಕರೆ ತರುವ ಅಂಬರಾಯನಿಗೆ ತಾವೇ ಹೇಳಿಟ್ಟಿದ್ದರು: "ಯಾರೂ ಸಿಗಲಿಲ್ಲಂದ್ರ ನನ್ನ ಕರಿ. ಮನ್ಯಾಗ ಕುಂತು ನಾ ಏನ್ ಮಾಡ್ಲಿ?"

ಮನೆಯಲ್ಲಿ ಹೆಂಡತಿ ಭೀಮಬಾಯಿ, ಒಂಬತ್ತನೇ ತರಗತಿಯ ಮಗಳು ಲುಂಬಿನಿ. ಹುಡುಗಿಗೂ ಅಪ್ಪನ ಹಾಗೆಯೇ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಆದರೆ ಅವಳು ಅದನ್ನು ಕಬಡ್ಡಿಗೆ ಹಚ್ಚಿದ್ದಳು. ರೇಡಿಗೆ ಹೋದರೆ ಮುಟ್ಟದೆ ಬಂದವಳಲ್ಲ. ಎರಡು ಸಾವಿರದ ಎಂಟರಲ್ಲಿ ಚಿತ್ತಾಪುರದಲ್ಲಿ ತಾಲೂಕು ಪಂದ್ಯ ನಡೆಯಿತು. ಬಂದೇ ಬರುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದರು. ಅವತ್ತು ಬೆಳಿಗ್ಗೆ ಅಂಬರಾಯ ಬಾಗಿಲಿಗೆ ಬಂದ. ವಿಶ್ರಾಂತಿ ಇನ್ನೂ ಬೇಕಾದಷ್ಟು ಉಳಿದಿತ್ತು. ಆದರೂ ದಶರಥಣ್ಣ ಡ್ಯೂಟಿಯ ಪೆಟ್ಟಿಗೆ ಎತ್ತಿಕೊಂಡು ಸಿಮೆಂಟಿನ ಗಾಡಿ ಹತ್ತಿಬಿಟ್ಟರು.

ಪಂದ್ಯದಲ್ಲಿ ಲುಂಬಿನಿಯ ಕಾಲು ಮುರಿಯಿತು. ಗೆಳತಿಯರು ಎತ್ತಿಕೊಂಡು ಆಸ್ಪತ್ರೆಗೆ ಒಯ್ದರು. ಪಾದದಿಂದ ತೊಡೆಯವರೆಗೆ ಪ್ಲಾಸ್ಟರ್ ಬಿತ್ತು, ಕಾಲನ್ನು ದಿಂಬಿನ ಮೇಲಿಟ್ಟು ಅಂಗಾತ ಮಲಗಿರಬೇಕೆಂದು ಡಾಕ್ಟರು ಹೇಳಿದರು. ಅವತ್ತಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಅವರು ಒಳಗೆ ಬಂದರೆ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದಳು. ದಶರಥಣ್ಣ ಅವಳ ಕೋಣೆಯ ಬಾಗಿಲಲ್ಲಿ ನಿಂತು ಚೌಕಟ್ಟನ್ನು ಹೆಬ್ಬೆರಳಿನಿಂದ ಒತ್ತುತ್ತ, ಮತ್ತೆ ಹೊರಗೆ ಬರುತ್ತಿದ್ದರು.

ಒಂದು ದಿನ ನಾನು ಶಾಲೆಯಿಂದ ಬರುವುದನ್ನೇ ಕಾಯುತ್ತ ಕಟ್ಟೆಯ ಮುಂದೆ ಅಡ್ಡಾಡುತ್ತಿದ್ದರು.

"ಅಕ್ಕೋರೆ, ಆಕಿ ಅವ್ವನ ಮುಂದ ಒಂದು ಮಾತ್ ಹೇಳ್ಯಾಳಂತ್ರಿ. ಮಲಗಿ ಮಲಗಿ ಹುಚ್ಚು ಹಿಡಿಯಾಕತ್ತದ, ಕಾರ್ ರೇಸ್ ಆಡೋ ಲ್ಯಾಪ್‌ಟಾಪ್ ಇದ್ರ ಹೊತ್ತು ಹೋಗ್ತದ ಅಂತ. ಅದನ್ನ ಕೊಡಿಸಿದ್ರ ಆಕಿ ನನ್ನ ಜೋಡಿ ಮಾತಾಡಬಹುದೇನ್ರಿ?"

"ಮಾತು ಅಂಗಡ್ಯಾಗ ಸಿಗೂದಿಲ್ಲ ದಶರಥಣ್ಣ" ಎಂದುಬಿಟ್ಟೆ. ಮುಖ ಕಳೆಗುಂದಿದ್ದು ಕಂಡು ನನಗೇ ಕೆಡುಕೆನಿಸಿತು. ಮರುದಿನ ಶಹಾಬಾದಿಗೆ ಬನ್ನಿ, ನನ್ನ ಹಳೆಯ ವಿದ್ಯಾರ್ಥಿ ಮಶಾಕನ ಕಂಪ್ಯೂಟರ್ ಅಂಗಡಿಯಿದೆ, ನೋಡೋಣ ಎಂದೆ.

ಮಶಾಕ ಎರಡು ಲ್ಯಾಪ್‌ಟಾಪ್ ತೆಗೆದಿಟ್ಟ. ಒಂದು ಬೆಳ್ಳಿಬಣ್ಣದ್ದು. ತೆಳ್ಳಗೆ, ಹಗುರ, ಬಿಸಿಯಾಗುವುದಿಲ್ಲ, ಕರೆಂಟ್ ಹೋದರೂ ಬಹಳ ಹೊತ್ತು ನಡೆಯುತ್ತದೆ. ಆದರೆ ರೇಸಿನ ಆಟದಲ್ಲಿ ಚಿತ್ರ ಮಂಕು, ತಿರುವಿನಲ್ಲಿ ಕಾರು ತಡವರಿಸುತ್ತದೆ. ಇನ್ನೊಂದು ಕರಿಯದು. ಆಟಕ್ಕೆಂದೇ ಬೇರೆ ಗ್ರಾಫಿಕ್ಸ್ ಕಾರ್ಡ್, ಗಾಜಿನಂಥ ಚಿತ್ರ. ಆದರೆ ಒಳ್ಳೆ ಕಲ್ಲಿನ ಚಪ್ಪಡಿಯಷ್ಟು ಭಾರ, ಬುಡದಿಂದ ಬಿಸಿ ಗಾಳಿ ಹೊಡೆಯುತ್ತಿತ್ತು.

ನಾನು ಬೆಳ್ಳಿಬಣ್ಣದ್ದನ್ನೇ ಹಿಡಿದೆ. "ಮಲಗಿದ ಹುಡುಗಿ, ಹೊಟ್ಟಿ ಮ್ಯಾಲ ಇಟ್ಕೋಬೇಕು. ಇದೇ ಇರ್ಲಿ."

ದಶರಥಣ್ಣನಿಗೆ ಸಮಾಧಾನವಾಗಲಿಲ್ಲ. ಅಂಗಡಿಯಿಂದ ಹೊರಗೆ ಹೋದರು, ರಸ್ತೆ ನೋಡಿದರು, ಒಳಗೆ ಬಂದರು. ಬಿಸಿ ಎಂದರೆ ಎಷ್ಟು ಬಿಸಿ ಎಂದು ಕೇಳಿದರು, ಉತ್ತರ ಕೇಳುವ ಮೊದಲೇ ಮತ್ತೆ ಹೊರಗೆ ಹೋದರು. ಮಶಾಕ ನನ್ನ ಮುಖ ನೋಡಿದ. ನಾನು ಛಾವಣಿ ನೋಡಿದೆ. ಕೊನೆಗೆ ಅವನೇ ಕುರ್ಚಿ ಎಳೆದು, "ಕಾಕಾ, ಕುಂದ್ರಿ. ಎರಡರಾಗೂ ಆಟ ಹಾಕ್ತೀನಿ, ನೀವೇ ಆಡಿ ನೋಡ್ರಿ" ಎಂದ.

ಆಟದಲ್ಲಿ ಯಾವುದೋ ದೊಡ್ಡ ಊರಿನ ರಸ್ತೆ. ಉಳಿದ ಕಾರುಗಳು ಬಾಣದಂತೆ ಹೋದವು. ದಶರಥಣ್ಣನ ಕಾರು ಮೊದಲ ಚೌಕದಲ್ಲೇ ನಿಂತಿತು.

"ಯಾಕ ನಿಂತ್ರಿ ಕಾಕಾ?"

"ಸಿಗ್ನಲ್ ಕೆಂಪು ಅದ."

ನಿಜ, ಚೌಕದಲ್ಲಿ ಅಲಂಕಾರಕ್ಕೆಂದು ಒಂದು ಸಿಗ್ನಲ್ ಕಂಬ ಬರೆದಿದ್ದರು. ಮಶಾಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದು ರೇಸ್ ಐತಿ ಕಾಕಾ, ಯಾರೂ ನಿಲ್ಲೂದಿಲ್ಲ!" ದಶರಥಣ್ಣ ನಗಲಿಲ್ಲ. ಹಸಿರು ಬರುವವರೆಗೆ ಕಾದರು. ಆಮೇಲೆ ಕರಿಯದರಲ್ಲೂ ಅದೇ ರಸ್ತೆಯಲ್ಲಿ ಹೋಗಿ ಅದೇ ಚೌಕದಲ್ಲಿ ನಿಂತರು. ಎದ್ದು, ಅಂಗಿ ಸರಿಮಾಡಿಕೊಂಡು ತೀರ್ಪು ಹೇಳಿದರು:

"ಬೆಳ್ಳಿದ್ರಾಗ ಕೆಂಪು ಹತ್ರ ಬಂದ ಮ್ಯಾಲ ಕಾಣ್ತದ. ಕರಿದ್ರಾಗ ಭಾಳ ದೂರದಿಂದ ಕಾಣ್ತದ. ಇದೇ ಕೊಡಪಾ."

ಇಷ್ಟು ವರ್ಷ ಗಾಡಿ ನಡೆಸಿದವರಿಗೆ ಲೋಕದಲ್ಲಿ ನೋಡುವುದಕ್ಕೆ ಬೇರೆ ಏನೂ ಇರಲಿಲ್ಲ. ಭಾರದ ಮಾತು ಮತ್ತೆ ಎತ್ತಿದೆ, ಬಿಸಿಯ ಮಾತು ಎತ್ತಿದೆ. ಗೋಡೆಗೆ ಹೇಳಿದಂತಾಯಿತು. ವಾಡಿಗೆ ಬರುವ ರೈಲಿನಲ್ಲಿ ನಾನು ಅವರ ಜೊತೆ ಒಂದು ಮಾತೂ ಆಡಲಿಲ್ಲ.

ನಾನು ಹೆದರಿದ್ದೇ ಆಯಿತು, ನನ್ನ ಕಣ್ಣೆದುರಿಗೇ. ಲುಂಬಿನಿ ಅದನ್ನು ಹೊಟ್ಟೆಯ ಮೇಲಿಟ್ಟುಕೊಂಡಳು, ಆಟ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ "ಅವ್ವಾ, ಸುಡಾಕತ್ತದ!" ಎಂದು ಕೂಗಿದಳು. ಭೀಮಬಾಯಿ ಅದನ್ನು ಎತ್ತಿ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು. ಅಲ್ಲಿ ಹುಡುಗಿಗೆ ಒಂದೇ ಕೈ ಎಟಕುತ್ತಿತ್ತು. ಆ ಆಟದಲ್ಲಿ ಕಾರನ್ನು ತಿರುಗಿಸುವ ಕೀಲಿಗಳು ಬಲಕ್ಕೆ, ವೇಗದ್ದು ಮತ್ತು ಬ್ರೇಕಿನದು ಎಡತುದಿಗೆ. ತಿರುಗಿಸಲು ಹೋದರೆ ಕಾರು ಓಡದು, ಓಡಿಸಲು ಹೋದರೆ ತಿರುಗದು. ಗೋಡೆಗೆ ಗುದ್ದಿ ಗುದ್ದಿ ಕಾರು ನುಜ್ಜುಗುಜ್ಜಾಯಿತು. ಅವಳ ಕಣ್ಣಲ್ಲಿ ನೀರು ತುಂಬಿತು. ಬಾಗಿಲಲ್ಲಿ ದಶರಥಣ್ಣ ಚೌಕಟ್ಟು ಒತ್ತುತ್ತ ನಿಂತಿದ್ದರು. ತಪ್ಪು ಆರಿಸಿದೆ ಎಂದು ಅವರಿಗೂ ಗೊತ್ತಾಗಿತ್ತು.

ಆಮೇಲೆ ಏನನ್ನಿಸಿತೋ, ಒಳಗೆ ಬಂದು ನೆಲದ ಮೇಲೆ ಕುಳಿತು, ಎಡಗಡೆಯ ಕೀಲಿಯ ಮೇಲೆ ಹೆಬ್ಬೆರಳಿಟ್ಟರು. ಕಾರು ಹೊರಟಿತು. ಲುಂಬಿನಿ ಗೋಡೆಯ ಕಡೆ ತಿರುಗಲಿಲ್ಲ. ತುಟಿ ಬಿಗಿದುಕೊಂಡೇ ತಿರುಗಿಸತೊಡಗಿದಳು. ಒಂದು ತಿರುವು, ಇನ್ನೊಂದು ತಿರುವು. ಚೌಕ ಬಂತು. ಕಾರು ಗಕ್ಕನೆ ನಿಂತಿತು.

"ಪಪ್ಪಾ! ಕೆಂಪು ಬಂದ್ರ ನಿಲ್ಲಬ್ಯಾಡ!"

ಅದು ಅವಳು ಅಷ್ಟು ದಿನಗಳ ಮೇಲೆ ಅಪ್ಪನಿಗೆ ಆಡಿದ ಮೊದಲ ಮಾತು. ಒಲೆಯ ಮುಂದಿದ್ದ ಭೀಮಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಿಲ್ಲದಿದ್ರ ಹ್ಯಾಂಗವ್ವಾ?" ಎಂದರು ದಶರಥಣ್ಣ. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಎಂಜಿನ್ನಿನಲ್ಲಿ ಸಿಗ್ನಲ್ ಕಂಡೊಡನೆ ಒಬ್ಬ ಕೂಗಿ ಹೇಳಬೇಕು, ಇನ್ನೊಬ್ಬ ಅದನ್ನೇ ತಿರುಗಿ ಹೇಳಬೇಕು. ಇಲ್ಲಿಯೂ ಹಾಗೆಯೇ. ಹೇಳುವವಳು ಲುಂಬಿನಿ. ಅವಳು ಹಸಿರು ಎಂದರೆ ಹಸಿರು, ಪರದೆಯಲ್ಲಿ ಏನೇ ಕಾಣಲಿ. ಅಂದಿನಿಂದ ಸಂಜೆಯಾದರೆ ಗೋಡೆಯಾಚೆ ಇಬ್ಬರ ಕೂಗು ಕೇಳಿಸುತ್ತಿತ್ತು.

ಒಂದು ಸಂಜೆ ನಾನೂ ಅಲ್ಲೇ ಕುಳಿತಿದ್ದೆ. ಹೊರಗೆ ಸೈಕಲ್ ನಿಂತಿತು. "ದಶರಥಣ್ಣಾ, ಸಿಮೆಂಟಿನ ಗಾಡಿ ನಿಂತದ. ಬರ್ತಿ ಏನು?" ಅಂಬರಾಯನ ದನಿ. ದಶರಥಣ್ಣ ಬೆಳಿಗ್ಗೆಯಷ್ಟೇ ಡ್ಯೂಟಿ ಮುಗಿಸಿ ಬಂದಿದ್ದರು. ಆದರೂ ಥಟ್ಟನೆ ಎದ್ದು ಹೊರಗೆ ಹೋದರು. ಲುಂಬಿನಿಯ ಕೈ ಕೀಲಿಯ ಮೇಲೆ ಹಾಗೆಯೇ ನಿಂತಿತು. ಕಾರು ರಸ್ತೆಯ ನಡುವೆ ನಿಂತಿತ್ತು.

ನನಗೆ ತಡೆಯಲಾಗಲಿಲ್ಲ. ಆಟದ ಸೆಟ್ಟಿಂಗಿಗೆ ಹೋದರೆ ಎಲ್ಲ ಕೀಲಿಗಳನ್ನೂ ಬಲಗಡೆಗೇ ತಂದುಕೊಳ್ಳಬಹುದು, ಒಂದೇ ಕೈಯಲ್ಲಿ ಆಡಬಹುದು. ಮೊದಲ ದಿನವೇ ನನಗದು ಹೊಳೆದಿತ್ತು, ಬೇಕೆಂದೇ ಬಾಯಿ ಬಿಟ್ಟಿರಲಿಲ್ಲ. ಇನ್ನು ಹುಡುಗಿ ಯಾರ ದಾರಿಯನ್ನೂ ಕಾಯುವುದು ಬೇಡ ಎನ್ನಿಸಿ ಸ್ಟೂಲಿನ ಕಡೆ ಕೈ ಚಾಚಿದೆ.

ಅವಳು ನನ್ನ ಕೈ ಹಿಡಿದಳು.

"ಬ್ಯಾಡ್ರಿ ಅಕ್ಕೋರೆ. ನನಗೂ ಗೊತ್ತದ. ಪಪ್ಪಾನ ಮುಂದ ಹೇಳಬ್ಯಾಡ್ರಿ."

ಹೊರಗೆ ದಶರಥಣ್ಣನ ದನಿ ಕೇಳಿತು: "ನನ್ನ ರೆಸ್ಟ್ ಮುಗಿದಿಲ್ಲ ಅಂಬರಾಯ. ಬ್ಯಾರೆದವರನ್ನ ನೋಡು." ಅಂಬರಾಯ ನಂಬದೆ ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಅದೇ ಉತ್ತರ. ಸೈಕಲ್ ಹೋಯಿತು.

ಒಳಗೆ ಬಂದು ಮತ್ತೆ ನೆಲದ ಮೇಲೆ ಕುಳಿತು ಹೆಬ್ಬೆರಳನ್ನು ಕೀಲಿಯ ಮೇಲಿಟ್ಟರು. ಸ್ಟೇಷನ್ನಿನ ಕಡೆ ಎಂಜಿನ್ ಕೂಗಿತು. ಅವರು ತಲೆ ಎತ್ತಿದರು, ಏಳಲಿಲ್ಲ.

"ಯಾವ ಸಿಗ್ನಲ್ ಅದವ್ವಾ?"

"ಹಸಿರು, ಪಪ್ಪಾ."

"ಹಸಿರು" ಎಂದರು ದಶರಥಣ್ಣ.