ಪವರ್ ಸಪ್ಲೈ ಆರಿಸಲು ನಾಲ್ಕು ದಿನ

ಕಾಕಾ ಅವರ ಬಲಗೈ ಹೆಬ್ಬೆರಳಿನ ತುದಿ ಬೆಸುಗೆ ಕಡ್ಡಿ ತಗಲಿ ತಗಲಿ ಗಟ್ಟಿಯಾಗಿತ್ತು. ಅದಕ್ಕೆ ಬಿಸಿ ತಿಳಿಯದು. ಚಿಪ್ ಕಾದಿದೆಯೇ ಎಂದು ನೋಡಲು ಎಡಗೈ ಬೆರಳು ಮುಟ್ಟಿಸುತ್ತಿದ್ದರು, ಅದೂ ಮಗುವಿನ ಜ್ವರ ನೋಡುವಷ್ಟು ನಿಧಾನವಾಗಿ. ಆ ನಿಧಾನ ಕಂಡರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಗಚ್ಚಿಬೌಲಿಯ ನಮ್ಮ ಪ್ರಯೋಗಾಲಯದಲ್ಲಿ ಅವರು ತಂತ್ರಜ್ಞರು. ಬೀದರ ಕಡೆಯವರು, ನಿವೃತ್ತಿಗೆ ಒಂದೇ ತಿಂಗಳು ಬಾಕಿ. ನಾನು ಮೈಸೂರಿನಿಂದ ಬಂದ ಸಂಶೋಧನಾ ವಿದ್ಯಾರ್ಥಿನಿ. ಉಳಿದವರೊಡನೆ ತೆಲುಗು, ಹಿಂದಿ ಆಡುವವರು ನನ್ನೊಡನೆ ಮಾತ್ರ ಕನ್ನಡ ಆಡುತ್ತಿದ್ದರು. ನನ್ನ ಪ್ರಬಂಧದ ಕೊನೆಯ ಅಳತೆಗಳು ಒಂದು ಹಳೆಯ ಯಂತ್ರದಿಂದ ಬರಬೇಕಿತ್ತು. ಅದನ್ನು ನಡೆಸುವ ಕಂಪ್ಯೂಟರಿನ ಮದರ್‌ಬೋರ್ಡು ಅದೇ ಹೊತ್ತಿಗೆ ಸತ್ತಿತು. ಉಗ್ರಾಣದಲ್ಲಿ ಸಿಕ್ಕಿದ್ದು ಅದೇ ಜಾತಿಯ ಒಂದೇ ಒಂದು ಬೋರ್ಡು. ಅದೂ ಸುಟ್ಟರೆ ಯಂತ್ರ ಗುಜರಿಗೆ, ನನ್ನ ನಾಲ್ಕು ವರ್ಷ ನೀರಿಗೆ.

ಬೋರ್ಡನ್ನು ಮೇಜಿನ ಮೇಲಿಟ್ಟು ಕರೆಂಟು ಕೊಟ್ಟು ನೋಡಿದರೆ ಆಯಿತಲ್ಲ ಎಂದುಕೊಂಡು ಏಳುನೂರೈವತ್ತು ವ್ಯಾಟಿನ ಹೊಚ್ಚಹೊಸ ಪವರ್ ಸಪ್ಲೈ, ಅಂದರೆ ಬೋರ್ಡಿಗೆ ಕರೆಂಟು ಹಂಚುವ ಡಬ್ಬಿ, ತರಿಸಿದೆ. ಕಾಕಾ ಅದರ ಚೀಟಿ ಓದಿ ವಾಪಸು ಕೊಟ್ಟರು.

“ಇದರ ಜೋರೆಲ್ಲಾ ಹನ್ನೆರಡು ವೋಲ್ಟಿನ್ಯಾಗ ಐತಿ ತಂಗಿ. ಹಳೇ ಬೋರ್ಡ್ ತಿನ್ನೂದು ಐದು ವೋಲ್ಟ್. ಅದರ ಮ್ಯಾಲ ಬೋರ್ಡಿನ್ಯಾಗ ಶಾರ್ಟ್ ಇದ್ರ ಈ ಡಬ್ಬಿ ನಿಲ್ಲಂಗಿಲ್ಲ, ಸುಡೂತನಕ ಕೊಡತೈತಿ.”

ತಮ್ಮ ಕಪಾಟಿನಿಂದ ಐದು ಹಳೆಯ ಡಬ್ಬಿ ತೆಗೆದರು. ಒಂದೊಂದರ ಧೂಳು ಊದಿ, ಕರೆಂಟು ಎಳೆಯಲೆಂದು ಹಳೆಯ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಅರ್ಧರ್ಧ ಗಂಟೆ ಮೀಟರ್ ಹಿಡಿದು ಕೂತರು. ನಡುವೆ ಊಟ, ಬುತ್ತಿ ಡಬ್ಬಿ ತೊಳೆಯುವುದು, ಕೈ ಒರೆಸಿಕೊಳ್ಳುವುದು, ಮತ್ತೆ ಮೊದಲಿನಿಂದ ಅಳೆಯುವುದು. ನಾನು ಗೊಣಗಿದರೆ ಒಂದೇ ಉತ್ತರ: “ಅವಸರ ನಿನಗೈತಿ, ಬೋರ್ಡಿಗಿಲ್ಲ.”

ನಾಲ್ಕನೆಯ ದಿನ ಆರಿಸಿದ್ದು ಎಲ್ಲಕ್ಕಿಂತ ಸಣ್ಣದನ್ನು! ಬೋರ್ಡಿಗೆ ಹಚ್ಚಿ ಸ್ವಿಚ್ ಹಾಕಿದರೆ ಅದರ ಫ್ಯಾನು ಒಮ್ಮೆ ಕದಲಿ ನಿಂತಿತು. ಮತ್ತೆ ಹಾಕಿದರು, ಮತ್ತೆ ನಿಂತಿತು. ನನ್ನ ತಾಳ್ಮೆಯೂ ಅಲ್ಲಿಗೆ ಮುಗಿಯಿತು.

“ನಾಲ್ಕು ದಿನ ಹುಡುಕಿ ಈ ಕೈಲಾಗದ್ದನ್ನ ಆರಿಸಿದ್ರಾ ಕಾಕಾ? ರಿಟೈರ್ ಆಗೋ ತನಕ ಕಾಲ ತಳ್ಳಿದ್ರೆ ಸಾಕು ನಿಮಗೆ.”

ಪ್ರಯೋಗಾಲಯದಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಕಾಕಾ ತಲೆ ಎತ್ತಲಿಲ್ಲ.

“ಕೈಲಾಗದ್ದಲ್ಲ. ಶಾರ್ಟ್ ಐತಿ, ಬ್ಯಾಡ ಅಂತ ಹೇಳಾಕತ್ತೈತಿ.”

ಮೀಟರ್ ಹಿಡಿದು ಹುಡುಕಿದಾಗ ಬೋರ್ಡಿನ ಮೇಲೆ ಮಣಿಯಷ್ಟು ದಪ್ಪದ ಒಂದು ಕೆಪಾಸಿಟರ್ ಶಾರ್ಟ್ ಆಗಿದ್ದು ಸಿಕ್ಕಿತು. ಅದನ್ನು ಕಿತ್ತು ಬೇರೆಯದು ಹಾಕಿದ ಮೇಲೆ ಬೋರ್ಡು ಬೀಪ್ ಎಂದಿತು. ನನ್ನ ದೊಡ್ಡ ಡಬ್ಬಿ ಹಚ್ಚಿದ್ದರೆ ಆ ಕೆಪಾಸಿಟರ್ ಸಿಡಿದು, ಕೆಳಗಿನ ತಾಮ್ರದ ಗೆರೆಯೂ ಸುಟ್ಟುಹೋಗುತ್ತಿತ್ತು. ಅಷ್ಟು ಗೊತ್ತಾದರೂ ನಾನು ತಪ್ಪಾಯಿತು ಎನ್ನಲಿಲ್ಲ. ಮರುದಿನದಿಂದ ಅಳತೆಗಳು ಸರಾಗ ಬಂದವು.

ಮೌಖಿಕ ಪರೀಕ್ಷೆಯ ದಿನ ನಿವೃತ್ತರಾಗಿದ್ದ ಕಾಕಾ ಇಸ್ತ್ರಿ ಅಂಗಿ ತೊಟ್ಟು ಲಿಂಗಂಪಲ್ಲಿಯ ಮನೆಯಿಂದ ಬಂದರು. ಪ್ರಬಂಧದ ಕೃತಜ್ಞತೆಯ ಪುಟದ ಮೇಲೆ ಬೆರಳು ಸರಿಸುತ್ತ ಕೊನೆಯ ಸಾಲಿನವರೆಗೆ ಓದಿದರು. ಅದರಲ್ಲಿ ಮಾರ್ಗದರ್ಶಕರಿದ್ದರು, ಗೆಳತಿಯರಿದ್ದರು, ಹಾಸ್ಟೆಲಿನ ಅಡುಗೆಯಮ್ಮನೂ ಇದ್ದರು. ಅವರೊಬ್ಬರಿರಲಿಲ್ಲ. ಮರೆತದ್ದಲ್ಲ, ಆ ನಾಲ್ಕು ದಿನದ ಸಿಟ್ಟಿನಲ್ಲಿ ಬೇಕೆಂದೇ ಬಿಟ್ಟಿದ್ದೆ. ಅವರು ಪುಟ ತಿರುವಿ ನಕ್ಷೆಗಳನ್ನು ನೋಡಿದರು.

“ರೀಡಿಂಗ್ ಚಲೋ ಬಂದಾವು,” ಎಂದರು.

ಹೋದ ವರ್ಷ ಅವರು ತೀರಿಕೊಂಡರು. ನೆನೆದರೆ ಈಗಲೂ ಮೊದಲು ಬರುವುದು ಆ ನಿಧಾನದ ಮೇಲಿನ ಕಿರಿಕಿರಿಯೇ. ನಾಚಿಕೆ ಆಮೇಲೆ ಬರುತ್ತದೆ, ಬಂದರೆ ಬೇಗ ಹೋಗುವುದಿಲ್ಲ. ಮೊನ್ನೆ ಗ್ರಂಥಾಲಯಕ್ಕೆ ಹೋಗಿ ನನ್ನ ಪ್ರಬಂಧ ತೆಗೆಸಿದೆ. ಆ ಪುಟದ ಕೆಳಗೆ ಒಂದು ಹೆಸರಿಗೆ ಬೇಕಾದಷ್ಟು ಜಾಗವಿದೆ. ಬರೆಯಲು ಹೋದರೆ ಅಲ್ಲಿನವರು ಪೆನ್ನು ಕಸಿದುಕೊಂಡರು.