ಎಡಗೈಯಲ್ಲಿ ಹೆಣೆದ ಪರ್ಸು

ಮೊನ್ನೆ ಪೆರಿಯಕುಳಂನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅವಳ ಸೊಸೆ ಗಾಜಿನ ಬೀರು ತೆಗೆದಳು ನೋಡಿ, ನುಸಿಗುಳಿಗೆಯ ವಾಸನೆಯ ಜೊತೆ ನನ್ನ ಪರ್ಸೇ ಈಚೆಗೆ ಬಂತು. ನೀಲಿ ಉಲ್ಲನ್ನಿನದು, ಬಾಯಿಯ ಸುತ್ತ ಬಿಳಿ ಮಣಿ.

ಹನುಮಂತನಪಟ್ಟಿಯ ನಮ್ಮ ಜಗಲಿಯಲ್ಲಿ ಕೂತು ಅದನ್ನು ಹೆಣೆದವಳು ನಾನು. ನಾನು ಎಡಚಿ. ಎಡಗೈಯಲ್ಲಿ ಕ್ರೋಶಾ ಕಡ್ಡಿ ಕಂಡರೆ ಅವ್ವ ಮಣಿಕಟ್ಟಿಗೆ ಹೊಡೆಯುತ್ತಿದ್ದಳು. ಆದರೆ ಅಕ್ಕನನ್ನು ನೋಡಲು ಗಂಡಿನವರು ಬಂದ ದಿನ ಅದೇ ಪರ್ಸಿಗೆ ಅಡಿಕೆ ತುಂಬಿ ತಾಂಬೂಲದ ತಟ್ಟೆಯಲ್ಲಿಟ್ಟಳು.

"ರೊಂಬ ಚೆನ್ನಾಗದೆ, ಯಾರು ಹೆಣದದ್ದು?" ಅಂದರು ಹುಡುಗನ ತಾಯಿ.

"ನಮ್ಮ ದೊಡ್ಡವಳೇ" ಅಂದಳು ಅವ್ವ, ನನ್ನ ಮುಖ ನೋಡದೆ.

ನಾನು ಒಳಗೆ ಹೋಗಿ ಅತ್ತುಬಿಟ್ಟೆ. "ಎಡಗೈದು ಅಂದ್ರೆ ಒಳ್ಳೆ ಕೆಲಸದಲ್ಲಿ ಯಾರು ಮುಟ್ತಾರೆ? ಸುಮ್ಕಿರು" ಅಂದಳು ಅವ್ವ. ಪರ್ಸು ಅಕ್ಕನ ಜೊತೆ ಹೋಯಿತು. ಹೋಗಲಿ, ಅಕ್ಕನಿಗಾದರೂ ಗೊತ್ತಲ್ಲ ಅಂದುಕೊಂಡೇ ಇಷ್ಟು ಕಾಲ ಇದ್ದೆ.

ಸೊಸೆ ಪರ್ಸನ್ನು ನನ್ನ ಕೈಗಿಟ್ಟು, "ನೋಡಿ ಚಿಕ್ಕತ್ತೆ, ನಮ್ಮತ್ತೆ ಹೆಣೆದದ್ದು" ಅಂದಳು. ಎಡಗೈಯವರ ಹೆಣಿಗೆ ವಾಲುವ ಹಾಗೆಯೇ ಸಾಲೆಲ್ಲ ಎದುರು ದಿಕ್ಕಿಗೆ ವಾಲಿತ್ತು. ನಾನು ಅಕ್ಕನ ಮುಖ ನೋಡಿದೆ.

"ಹೂಂ" ಅಂದಳು ಅಕ್ಕ, ನನಗೇ. "ನಿನಗೂ ಕಲಿಸ್ತೀನಿ ಅಂದ್ರೆ ಆಗ ನೀನು ಕೂತ್ಕೊಳ್ಳಲೇ ಇಲ್ಲ."